ವಿಡಿಯೋ ಆಟಗಳಲ್ಲಿ ಧರ್ಮಾಧರ್ಮಗಣನೆ

ಆಟಗಾರನು ಒಂದು ಪಾತ್ರವನ್ನು ಧರಿಸಿ ಕಲ್ಪಿತಲೋಕದಲ್ಲಿ ಸಂಚರಿಸುವ ವಿಡಿಯೋ ಆಟಗಳಲ್ಲಿ, ಸಜ್ಜನನಾಗಿ ನಡೆಯುವುದೋ ದುರ್ಜನನಾಗಿ ನಡೆಯುವುದೋ ಎಂಬ ನಿರ್ಣಯವು ಅನೇಕವೇಳೆ ಅವನಿಗೇ ಬಿಟ್ಟಿರುವುದು. ಇದನ್ನು ಬಾಲವಿನೋದವೆಂದು ಪಂಡಿತರು ಉಪೇಕ್ಷಿಸಬಹುದು. ಆದರೆ ನಮ್ಮದೊಂದು ಸಂಸ್ಕೃತಶಬ್ದವು ಈ ಚರಿತ್ರೆಯ ನಡುವೆಯೇ ನಿಂತಿರುವುದರಿಂದ ನಾವು ಉದಾಸೀನರಾಗಿರುವುದು ಉಚಿತವಲ್ಲ.

ಈ ಪದ್ಧತಿಯ ಮೂಲವು ಯಂತ್ರದಲ್ಲಿಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬವರು ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದು ಮೇಜಿನ ಸುತ್ತ ಕುಳಿತು ಆಡತಕ್ಕ ಆಟ. ಅದರಲ್ಲಿ ಮೊದಲು ನಿಯಮ, ತಾಟಸ್ಥ್ಯ, ಅನಿಯಮ ಎಂಬ ಮೂರೇ ಪಕ್ಷಗಳಿದ್ದವು. ಒಳಿತು ಕೆಡುಕುಗಳ ಭೇದವು ತರುವಾಯ ಸೇರಿ, 1978ರ ಕೈಪಿಡಿಯಲ್ಲಿ ಪಕ್ಷಗಳು ಒಂಬತ್ತಾದವು. ಅಲ್ಲಿ ತೀರ್ಪುಗಾರನು ಮನುಷ್ಯನೇ. ಯಂತ್ರವು ಆ ಪೀಠವನ್ನೇರಿದ ಮೇಲೆ, ಕದ್ದು ಕೊಂದು ಬಲವನ್ನು ಸಂಪಾದಿಸಿದವನೂ ಕಡೆಗೆ ಖಳನನ್ನು ಗೆದ್ದರೆ ವೀರನೇ ಎನಿಸಿಕೊಳ್ಳತೊಡಗಿದನು.

ಈ ದೋಷವನ್ನು ಮನಗಂಡು ರಿಚರ್ಡ್ ಗ್ಯಾರಿಯಟ್ ಎಂಬವರು 1985ರಲ್ಲಿ ‘ಅಲ್ಟಿಮಾ’ ಮಾಲೆಯ ನಾಲ್ಕನೆಯ ಆಟವನ್ನು ರಚಿಸಿದರು. ಅದರಲ್ಲಿ ಕೊನೆಗೆ ಕೊಲ್ಲತಕ್ಕ ಖಳನೇ ಇಲ್ಲ. ಎಂಟು ಸದ್ಗುಣಗಳಲ್ಲಿ ಪೂರ್ಣನಾಗಿ ‘ಅವತಾರ್’ ಎನಿಸಿಕೊಳ್ಳುವುದೇ ಸಾಧನೆ. ಗುಣಗಳ ಹುಟ್ಟು ಕುತೂಹಲಕರವಾಗಿದೆ. ಸತ್ಯ, ಪ್ರೇಮ, ಧೈರ್ಯವೆಂಬ ಮೂರು ತತ್ತ್ವಗಳು ಒಂದೊಂದಾಗಿ, ಎರಡೆರಡಾಗಿ, ಮೂರೂ ಕೂಡಿ ಏಳು ಗುಣಗಳಾಗುವುವು. ಸತ್ಯಪ್ರೇಮಗಳಿಂದ ನ್ಯಾಯ, ಪ್ರೇಮಧೈರ್ಯಗಳಿಂದ ತ್ಯಾಗ, ಇತ್ಯಾದಿ. ಯಾವುದೂ ಸೇರದೆ ಉಳಿಯುವುದು ವಿನಯ. ಛಂದಸ್ಸನ್ನು ಓದಿದವರಿಗೆ ಇದು ಹೊಸದಲ್ಲ. ಮೂರು ಸ್ಥಾನಗಳಲ್ಲಿ ಗುರುಲಘುಗಳನ್ನು ಪ್ರಸ್ತರಿಸಿದರೆ ಅಷ್ಟಗಣಗಳು ಬರುವ ಕ್ರಮವೇ ಇದು. ವಿನಯವು ಸರ್ವಲಘುವಾದ ನಗಣದಂತೆ. ಇದು ಸಾಮ್ಯವೇ ಹೊರತು ಋಣವೆಂದು ನಾನು ಹೇಳುವುದಿಲ್ಲ.

ಶಬ್ದಪ್ರಯೋಗದಲ್ಲಿ ಮಾತ್ರ ವೈಪರೀತ್ಯವಿದೆ. ಅವ-ತೄ ಎಂದರೆ ಕೆಳಗಿಳಿಯುವುದು. ಇಲ್ಲಿ ಮನುಷ್ಯನು ಮೇಲಕ್ಕೇರಿ ಅವತಾರನಾಗುತ್ತಾನೆ! ಈಗಲಂತೂ ಪರದೆಯ ಮೇಲಿನ ಯಾವ ಬಿಂಬಕ್ಕಾದರೂ ಈ ಹೆಸರು ಸಲ್ಲುತ್ತಿದೆ.

ಇನ್ನು ಪರೀಕ್ಷೆಯ ವಿಧಾನ. ಊರಿನ ಅಂಗಡಿಯಲ್ಲಿ ಗಿಡಮೂಲಿಕೆ ಮಾರುವ ಹೆಂಗಸು ಕುರುಡಿ. ಅವಳು ಬೆಲೆಯನ್ನು ಹೇಳುತ್ತಾಳೆ. ಕೊಡುವ ನಾಣ್ಯಗಳನ್ನು ಎಣಿಸತಕ್ಕವನು ಆಟಗಾರನೇ. ಕಡಿಮೆ ಕೊಟ್ಟರೂ ವ್ಯಾಪಾರವು ನಡೆಯುತ್ತದೆ, ಆಕ್ಷೇಪಿಸುವವರಿಲ್ಲ. ಆದರೆ ಯಂತ್ರವು ಒಳಗೇ ಪ್ರಾಮಾಣಿಕತೆಯನ್ನು ತಗ್ಗಿಸಿರುತ್ತದೆ. ಆ ಲೆಕ್ಕದ ಅಂಕೆಯು ಆಟದಲ್ಲಿ ಎಲ್ಲಿಯೂ ಕಾಣದು. ಅರಮನೆಯ ಒಬ್ಬ ದ್ರಷ್ಟಾರನನ್ನು ಕೇಳಿದರೆ ಅವನು ಮಾತಿನಲ್ಲಿ ಸೂಚಿಸುವನು, ಅಷ್ಟೆ.

2003ರಲ್ಲಿ ಕೆನಡಾದ ಬಯೋವೇರ್ ಸಂಸ್ಥೆಯವರು ರಚಿಸಿದ, ‘ಸ್ಟಾರ್ ವಾರ್ಸ್’ ಕಥಾಲೋಕದ ‘ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್’ ಎಂಬ ಆಟದಲ್ಲಿ ಕ್ರಮವು ಬೇರೆ. ಬೆಳಕಿನ ಪಕ್ಷ, ಕತ್ತಲಿನ ಪಕ್ಷ ಎಂದು ಎರಡು. ಯಾರು ಎಷ್ಟು ವಾಲಿದ್ದಾರೆಂಬುದು ಮಾಪಕದಲ್ಲಿ ಕಾಣುತ್ತದೆ. ಕತ್ತಲಿಗೆ ವಾಲಿದವನ ಮುಖವೂ ವಿವರ್ಣವಾಗುತ್ತದೆ. ತನ್ನ ಪಕ್ಷದ ಶಕ್ತಿಗಳನ್ನು ಪ್ರಯೋಗಿಸಲು ವೆಚ್ಚವು ಕಡಿಮೆ. ಆದಕಾರಣ ಮೊದಲೇ ಒಂದು ಪಕ್ಷವನ್ನು ಹಿಡಿದು ಕಡೆಯವರೆಗೆ ನಡೆಯುವುದೇ ಲಾಭಕರ. ಇಂಥವನು ಭಿಕ್ಷುಕನಿಗೆ ಹಣವಿತ್ತರೂ ಅದು ದಾನವಲ್ಲ, ವಾಣಿಜ್ಯ.

ದುಷ್ಟಪಾತ್ರವನ್ನಾಡುವ ತರುಣರ ಶೀಲವು ಕೆಡುವುದೆಂದು ಆಕ್ಷೇಪಿಸುವವರು ಈ ಭೇದವನ್ನು ಗಮನಿಸಿದಂತೆ ತೋರದು. ಕತ್ತಲಿನ ಪಕ್ಷವನ್ನು ಮೊದಲೇ ಹಿಡಿದವನು ರಾವಣವೇಷದ ನಟನಿಗೆ ಸಮೀಪನು. ಸೀತಾಪಹರಣದ ಪಾಪವು ನಟನಿಗೆ ತಟ್ಟುವುದೆಂದು ಯಾವ ಲಾಕ್ಷಣಿಕನೂ ಹೇಳಿಲ್ಲ. ಸಜ್ಜನನಾಗಲೆಂದೇ ಹೊರಟು ಕುರುಡಿಗೆ ಒಂದು ನಾಣ್ಯವನ್ನು ಕಡಿಮೆ ಎಣಿಸಿದವನ ವಿಷಯದಲ್ಲಿ ನಾನು ಅಷ್ಟು ನಿಶ್ಚಯವಾಗಿ ಹೇಳಲಾರೆನು.