ಶಾರ್ಟ್ ಸ್ಕ್ವೀಜ್: ವದಂತಿಯನ್ನು ಅಳೆಯುವ ಬಗೆ

ಬೆಲೆ ಇಳಿಯುವುದೆಂಬ ಅಂದಾಜಿನಲ್ಲಿ ತಮ್ಮ ಬಳಿ ಇಲ್ಲದ ಷೇರನ್ನು ಮೊದಲೇ ಮಾರಿ, ಅನಂತರ ಅಗ್ಗಕ್ಕೆ ಕೊಂಡು ತೀರಿಸುವುದೇ ಶಾರ್ಟ್ ಸೆಲ್ಲಿಂಗ್. ಬೆಲೆ ಇಳಿಯದೆ ಏರತೊಡಗಿದರೆ ಹಾಗೆ ಮಾರಿದವರು ನಷ್ಟ ತಡೆಯಲು ಧಾವಿಸಿ ಕೊಳ್ಳಬೇಕಾಗುತ್ತದೆ. ಆ ಖರೀದಿಯೇ ಬೆಲೆಯನ್ನು ಮತ್ತಷ್ಟು ಮೇಲಕ್ಕೆ ತಳ್ಳಿದಾಗ ಅದು ಶಾರ್ಟ್ ಸ್ಕ್ವೀಜ್ ಎನಿಸುತ್ತದೆ. 2008ರ ಅಕ್ಟೋಬರ್‌ನಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಷೇರು 1,000 ಯೂರೊ ದಾಟಿದ್ದು ಇದಕ್ಕೆ ಪ್ರಸಿದ್ಧ ನಿದರ್ಶನ. 2021ರ ಜನವರಿಯಲ್ಲಿ 483 ಡಾಲರ್ ಮುಟ್ಟಿದ ಅಮೆರಿಕದ ಗೇಮ್‌ಸ್ಟಾಪ್ ಷೇರಿನ ಕಥೆ ಅಷ್ಟು ಸರಳವಲ್ಲ. ಸಾಲ ತೀರಿಸುವವರ ಖರೀದಿ ಒಟ್ಟು ಖರೀದಿಯ ಸಣ್ಣ ಪಾಲು ಮಾತ್ರ ಎಂದು ಅಲ್ಲಿನ ನಿಯಂತ್ರಣ ಸಂಸ್ಥೆಯ ಸಿಬ್ಬಂದಿ ವರದಿಯೇ ಅದೇ ವರ್ಷದ ಅಕ್ಟೋಬರ್‌ನಲ್ಲಿ ತಿಳಿಸಿತು.

ಭಾರತದ ಹೂಡಿಕೆದಾರರ ಗುಂಪುಗಳಲ್ಲಿ ಈ ಪದ ಆಗಾಗ್ಗೆ ಕೇಳಿಬರುತ್ತದೆ. ಆದರೆ ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಆ ಷೇರನ್ನು ಶಾರ್ಟ್ ಮಾಡಿ ದಿನಗಟ್ಟಲೆ ಇಟ್ಟುಕೊಳ್ಳಲು ದಾರಿ ಇದೆಯೇ?

ಬೈಯಪ್ಪನಹಳ್ಳಿಯ ಆಸುಪಾಸಿನಲ್ಲೇ ಎರಡು ಉದಾಹರಣೆಗಳಿವೆ. ದಕ್ಷಿಣಕ್ಕೆ ವಿಮಾನಪುರದಲ್ಲಿ ಕಾರ್ಖಾನೆ ಹೊಂದಿರುವ ಎಚ್‌ಎಎಲ್ ಷೇರಿಗೆ ಫ್ಯೂಚರ್ಸ್ ವಹಿವಾಟು ಉಂಟು. ಅಲ್ಲಿ ಸ್ಕ್ವೀಜ್ ಅಸಂಭವವಲ್ಲ. ರೈಲು ಹಳಿಯಗುಂಟ ಪೂರ್ವಕ್ಕೆ, ದೂರವಾಣಿ ನಗರದಲ್ಲಿರುವ ಐಟಿಐ ಕಾರ್ಖಾನೆಯ ಮಾತು ಬೇರೆ. 1948ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಷೇರು 2025ರ ಜನವರಿ ಮೊದಲ ವಾರದಲ್ಲಿ ಕೆಲವೇ ದಿನಗಳಲ್ಲಿ ವಿಪರೀತ ಏರಿತು. ಆಗ ಅದಕ್ಕೆ ಫ್ಯೂಚರ್ಸ್ ವಹಿವಾಟು ಇರಲಿಲ್ಲ. ನಗದು ಮಾರುಕಟ್ಟೆಯಲ್ಲಿ ಶಾರ್ಟ್ ಮಾಡಿದ ಸಣ್ಣ ಹೂಡಿಕೆದಾರ ಅದೇ ದಿನ ಕೊಂಡು ತೀರಿಸಬೇಕು, ಇಲ್ಲವಾದರೆ ವಿನಿಮಯ ಕೇಂದ್ರ ಹರಾಜಿನ ಮೂಲಕ ಷೇರು ತರಿಸಿ ನಷ್ಟವನ್ನು ಅವನ ಮೇಲೆ ಹಾಕುತ್ತದೆ. ಷೇರು ಎರವಲು ವ್ಯವಸ್ಥೆ 2008ರಿಂದ ಇದ್ದರೂ ವಹಿವಾಟು ಅತ್ಯಲ್ಪ. ಹೀಗಿರುವಾಗ ವಾರಗಟ್ಟಲೆ ಸಿಕ್ಕಿಬಿದ್ದ ಶಾರ್ಟ್ ಮಾರಾಟಗಾರರ ದಂಡು ಬರುವುದಾದರೂ ಎಲ್ಲಿಂದ? ಕೇಂದ್ರ ಸರ್ಕಾರದ ಪಾಲೇ ಸುಮಾರು ಶೇ. 90ರಷ್ಟಿದ್ದ ಕಂಪನಿಯಲ್ಲಿ ಕೈಬದಲಾಗುವ ಷೇರುಗಳೇ ಕಡಿಮೆ. ಅಂಥ ಕಡೆ ಸಾಧಾರಣ ಖರೀದಿಯೂ ಬೆಲೆಯನ್ನು ಜಿಗಿಸಬಲ್ಲದು; ಇಳಿಯುವಾಗಲೂ ಅದೇ ವೇಗ.

ಫ್ಯೂಚರ್ಸ್ ಇರುವ ಷೇರಿನಲ್ಲಿ ವಿನಿಮಯ ಕೇಂದ್ರವು ಪ್ರತಿದಿನ ಪ್ರಕಟಿಸುವ ಓಪನ್ ಇಂಟರೆಸ್ಟ್, ಅಂದರೆ ಇತ್ಯರ್ಥವಾಗದೆ ಉಳಿದ ಒಪ್ಪಂದಗಳ ಸಂಖ್ಯೆಯನ್ನು ನೋಡಬೇಕು. ಬೆಲೆ ಏರಿ ಈ ಸಂಖ್ಯೆ ಇಳಿದರೆ ಶಾರ್ಟ್ ಮಾಡಿದವರು ಹೊರಬೀಳುತ್ತಿರುವ ಸೂಚನೆ. ಎರಡೂ ಏರಿದರೆ ಹೊಸ ವ್ಯವಹಾರ ನಡೆದಿದೆ. ಸಂಖ್ಯೆ ದೊಡ್ಡದೆಂಬ ಮಾತ್ರಕ್ಕೆ ಶಾರ್ಟ್ ಹೆಚ್ಚಿದೆ ಎನ್ನಲಾಗದು, ಏಕೆಂದರೆ ಪ್ರತಿ ಒಪ್ಪಂದದಲ್ಲೂ ಮಾರಿದವನಷ್ಟೇ ಕೊಂಡವನೂ ಇರುತ್ತಾನೆ. ಗುಂಪುಗಳಲ್ಲಿ ಎಡವುವುದು ಹೆಚ್ಚಾಗಿ ಇಲ್ಲಿಯೇ.

ಸುದ್ದಿ ಹಬ್ಬಿಸಿದವರೇ ಷೇರು ಮಾರುತ್ತಿದ್ದಾರೆಯೇ ಎಂಬುದು ಇನ್ನೊಂದು ಪ್ರಶ್ನೆ. ಸಾಧನಾ ಬ್ರಾಡ್‌ಕಾಸ್ಟ್ ಪ್ರಕರಣದಲ್ಲಿ ಯೂಟ್ಯೂಬ್ ವೀಡಿಯೊಗಳ ಸುಳ್ಳು ಸುದ್ದಿಯಿಂದ ಬೆಲೆ ಏರಿಸಿ, ಏರಿದ ಬೆಲೆಗೆ ಷೇರುಗಳನ್ನು ಮಾರಲಾಯಿತು ಎಂದು ಸೆಬಿ 2023ರ ಮಾರ್ಚ್‌ನ ಮಧ್ಯಂತರ ಆದೇಶದಲ್ಲಿ ಹೇಳಿತು. ಅಷ್ಟರಲ್ಲಿ ಆ ಕಂಪನಿಯ ಸಣ್ಣ ಷೇರುದಾರರ ಸಂಖ್ಯೆ 2,167ರಿಂದ 55,343ಕ್ಕೆ ಏರಿತ್ತು.