ಮಸ್ಕಿಯ ಬಂಡೆಯಿಂದ ವಾರಪತ್ರಿಕೆಯವರೆಗೆ

ಸಿಂಧನೂರು, ಲಿಂಗಸುಗೂರುಗಳ ನಡುವಿನ ಮಸ್ಕಿಯಲ್ಲಿ 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಂಡೆಯ ಮೇಲಿನ ಬ್ರಾಹ್ಮೀ ಅಕ್ಷರಗಳು ಬಿದ್ದವು. ಅದರಲ್ಲಿ ‘ದೇವಾನಂಪಿಯ’ ಎಂಬ ಬಿರುದಿನ ಜೊತೆ ಅಶೋಕನ ಹೆಸರೂ ಇತ್ತು. ಇತರ ಶಾಸನಗಳ ದೇವಾನಂಪಿಯನೇ ಅಶೋಕ ಎಂಬುದು ಹೀಗೆ ಗಟ್ಟಿಯಾಯಿತು.

ಇತಿಹಾಸಕಾರರು ಹೆಸರನ್ನು ಕೊಂಡಾಡಿದರು. ಒಕ್ಕಣೆಯೂ ಅಷ್ಟೇ ದೊಡ್ಡದು. ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಿಗುತ್ತದೆ. ಇಬ್ಬರಿಗೂ ಇದನ್ನು ತಿಳಿಸಬೇಕು ಎನ್ನುತ್ತದೆ ಅದು.

ಆದರೆ ಭಾಷೆ ಪ್ರಾಕೃತ. ಓದಿ ಹೇಳುವವರಿಲ್ಲದೆ ಅದು ಜನರನ್ನು ಮುಟ್ಟುವಂತಿರಲಿಲ್ಲ. ಮಸ್ಕಿಯಲ್ಲಷ್ಟೇ ಅಲ್ಲ, ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಅಶೋಕನ ಶಾಸನಗಳು ಸಿಕ್ಕಿವೆ. ಅವನ ಹನ್ನೆರಡನೆಯ ಶಿಲಾಶಾಸನವೂ ಅವುಗಳಲ್ಲಿದೆ. ತನ್ನ ಪಂಥವನ್ನು ಹೊಗಳಲು ಪರರ ಪಂಥವನ್ನು ಹಳಿಯಬಾರದು, ಮಾತಿಗೆ ಹಿಡಿತವಿರಬೇಕು, ಪರಸ್ಪರರ ಧರ್ಮವನ್ನು ಕೇಳಿಸಿಕೊಳ್ಳಬೇಕು ಎಂಬುದು ಅದರ ತಿರುಳು. ಸಮಾಜ ಎರಡಾಗಿ ಸೀಳುವ ಅಪಾಯವನ್ನು ಆಳುವವನೇ ಎರಡು ಸಾವಿರ ವರ್ಷಗಳ ಹಿಂದೆ ಗುರುತಿಸಿದ್ದ.

ಅರಸನ ಮಾತು ಮೇಲಿನಿಂದ ಕೆಳಗಿಳಿಯುತ್ತಿತ್ತು. ನಮ್ಮ ಕಾಲದಲ್ಲಿ ಕನ್ನಡದ ಒಂದು ವಾರಪತ್ರಿಕೆ ಜನರ ಕಡೆಯಿಂದ ಆಳುವವರನ್ನು ನೋಡಿ, ಆ ದಿಕ್ಕನ್ನೇ ತಿರುಗಿಸಿತು.

ಇಂಗ್ಲಿಷ್ ಅಧ್ಯಾಪಕರಾಗಿದ್ದ ಪಿ. ಲಂಕೇಶ್ 1980ರಲ್ಲಿ ‘ಲಂಕೇಶ್ ಪತ್ರಿಕೆ’ ಆರಂಭಿಸಿದರು. ಜಾಹೀರಾತಿಲ್ಲದ ಈ ವಾರಪತ್ರಿಕೆ ಓದುಗರ ಹಣದಿಂದಲೇ ನಡೆಯಿತು. ಸರ್ಕಾರದ ತೀರ್ಮಾನ, ಜಾತಿಯ ಲೆಕ್ಕಾಚಾರ, ಕೋಮುದ್ವೇಷದ ಬೇರು ಇವನ್ನೆಲ್ಲ ಸಾಮಾನ್ಯರಿಗೆ ಅರ್ಥವಾಗುವ ಕನ್ನಡದಲ್ಲಿ ಅವರು ಬಿಡಿಸಿಟ್ಟರು. 2000ದ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಪತ್ರಿಕೆ ಅವರ ಕೈಯಲ್ಲಿತ್ತು.

ಲಂಕೇಶ್ ತಮ್ಮ ಓದುಗರಿಗೆ ಬಿಡಿಸಿಟ್ಟಂತೆಯೇ, ಮಸ್ಕಿಯ ಶಾಸನದ ಅರ್ಥವನ್ನು ಆ ಭಾಗದ ಪ್ರತಿ ಶಾಲೆಯ ಮಕ್ಕಳಿಗೂ ಅವರ ಕನ್ನಡದಲ್ಲೇ ಓದಿ ಹೇಳಬೇಕು. ಆ ಕೆಲಸ ಈ ವರ್ಷವೇ ಶುರುವಾಗಲಿ.