ನಮ್ಮೂರ ಕಲ್ಲು ಓದಿದವರಿಗೆ ಸಂಬಳ ಕೊಟ್ಟವರು ಯಾರು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕುಗಳ ಹಳೆಯ ಊರುಗಳನ್ನು ಸುತ್ತಿದರೆ ಕೆರೆ ಏರಿಯ ಮೇಲೋ, ಗುಡಿಯ ಮುಂದೆಯೋ, ಹೊಲದ ಬದುವಿನಲ್ಲೋ ಬರಹದ ಕಲ್ಲುಗಳು ಸಿಗುತ್ತವೆ. ಕೆಲವಕ್ಕೆ ಎಣ್ಣೆ ಹಚ್ಚಿ ಪೂಜೆ ಮಾಡುತ್ತಾರೆ. ಕೆಲವಕ್ಕೆ ದನ ಮೈ ಉಜ್ಜುತ್ತವೆ. ಇನ್ನು ಕೆಲವನ್ನು ಅಡಿಯಲ್ಲಿ ನಿಧಿ ಇದೆ ಅಂತ ರಾತ್ರೋರಾತ್ರಿ ಅಗೆದು ಬೀಳಿಸಿದ್ದಾರೆ. ಕೆರೆ ಕಟ್ಟಿಸಿದವರು ಯಾರು, ಗದ್ದೆ ಯಾರಿಗೆ ಬಿಟ್ಟರು, ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಸತ್ತವನು ಯಾರ ಮಗ ಎಂಬಂಥ ವಿಷಯ ಇಂಥ ಕಲ್ಲುಗಳಲ್ಲಿ ಇರುತ್ತದೆ.

ಇವನ್ನು ಓದಿದವರ ಹೆಸರು ಅಲ್ಪಸ್ವಲ್ಪ ನಮಗೆ ಗೊತ್ತು. ಆದರೆ ಅವರನ್ನು ಕೆಲಸಕ್ಕೆ ಇಟ್ಟುಕೊಂಡವರು ಯಾರು, ಹೊರಗಿನ ವಿದ್ವಾಂಸರು ಬಂದಾಗ ಅವರಿಗೆ ದಾರಿ ತೋರಿಸಿದವರು ಯಾರು ಎಂದು ನಾವು ಕೇಳುವುದು ಕಡಿಮೆ. ಈ ಬರಹ ಅದರ ಬಗ್ಗೆ.

1904ರ ಪುಸ್ತಕ

ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1837ರಲ್ಲಿ. ಮಿಷನರಿಯ ಮಗ. ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿದ್ದರು. ಶಾಲೆ ತಪಾಸಣೆಗೆ ಊರೂರು ತಿರುಗುವಾಗ ಶಾಸನಗಳ ಗೀಳು ಹತ್ತಿತು. ಮುಂದೆ ಸಂಸ್ಥಾನ ಪುರಾತತ್ವ ಸಂಶೋಧನೆಗೇ ಒಂದು ಇಲಾಖೆ ಮಾಡಿ ಅವರನ್ನು ಮುಖ್ಯಸ್ಥರನ್ನಾಗಿ ನೇಮಿಸಿತು. 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ 12 ಸಂಪುಟಗಳು 1886ರಿಂದ 1904ರವರೆಗೆ ಬಂದವು. ಒಟ್ಟು ಸುಮಾರು 9,000 ಶಾಸನಗಳು. ಕೊನೆಯ, ಅಂದರೆ 12ನೆಯ ಸಂಪುಟವೇ ನಮ್ಮ ತುಮಕೂರು ಜಿಲ್ಲೆಯದು. ಅದರಲ್ಲಿ ಶಾಸನಗಳಿಗೆ ತಾಲ್ಲೂಕಿನ ಲೆಕ್ಕದಲ್ಲಿ ನಂಬರು ಹಾಕಿದ್ದಾರೆ. ಮಧುಗಿರಿಯ ಹೆಸರು ಅದರಲ್ಲಿ ಮದ್ದಗಿರಿ ಅಂತಲೇ ಇದೆ.

ರಟ್ಟಿನ ಮೇಲೆ ರೈಸ್ ಹೆಸರಿದೆ, ಸರಿ. ಆದರೆ ಒಬ್ಬ ಮನುಷ್ಯ ಒಂಬತ್ತು ಸಾವಿರ ಕಲ್ಲು ಓದುವುದು ಆಗದ ಮಾತು. ಮೊದಲು ಕಲ್ಲನ್ನು ತೊಳೆಯಬೇಕು. ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹರಡಿ, ಕಾಗದ ಅಕ್ಷರದ ಗುಳಿಯೊಳಗೆ ಇಳಿಯುವಂತೆ ಬ್ರಷ್ಷಿನಿಂದ ಬಡಿಯಬೇಕು. ಮೇಲೆ ಮಸಿ ತಟ್ಟಿದರೆ ಕಲ್ಲಿನ ಮಟ್ಟ ಕಪ್ಪಾಗಿ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಇದಕ್ಕೆ ಅಚ್ಚು ತೆಗೆಯುವುದು ಅನ್ನುತ್ತಾರೆ. ಆಮೇಲೆ ಹಳಗನ್ನಡ, ಸಂಸ್ಕೃತ ಬಲ್ಲ ಪಂಡಿತರು ಕೂತು ಓದಬೇಕು. ಪಾವಗಡದ ಸುತ್ತ ಮೂರು ಕಡೆ ಆಂಧ್ರ, ಅಲ್ಲಿ ತೆಲುಗು ಬಲ್ಲವರು ಬೇಕು. ಶಿರಾ ಮೊಗಲರ ಸುಬಾ ಆಗಿದ್ದ ಊರು, ಅಲ್ಲಿ ಪಾರ್ಸಿ ಬಲ್ಲವರು ಬೇಕು. ನೊಳಂಬರ ರಾಜಧಾನಿ ಹೇಮಾವತಿ ನಮ್ಮ ಗಡಿಯಾಚೆಗೇ ಇದೆ. ಅವರ ಕಾಲದ ಲಿಪಿ ಇವತ್ತಿನ ಲಿಪಿಯಂತಲ್ಲ, ಅದನ್ನು ಕಲಿತವರೇ ಬೇಕು. ಇಷ್ಟು ಜನರಿಗೂ ತಿಂಗಳ ಸಂಬಳ ಬೇಕು.

ಸಹಾಯಕರಾಗಿ ಬಂದವರು

ರೈಸ್ ಅವರಿಗೆ ಸಹಾಯಕರಾಗಿ ಸೇರಿದವರಲ್ಲಿ ಆರ್. ನರಸಿಂಹಾಚಾರ್ ಒಬ್ಬರು. ಶಾಸನ ಓದುತ್ತಲೇ ಹಳೆಯ ಕವಿಗಳ ಕಾಲ, ಊರು, ಮನೆತನ ಹುಡುಕಿ ಬರೆದಿಟ್ಟರು. ಅದೇ 'ಕರ್ನಾಟಕ ಕವಿಚರಿತೆ'. ಮೊದಲ ಸಂಪುಟ 1907ರಲ್ಲಿ ಬಂತು. 1906ರಲ್ಲಿ ರೈಸ್ ನಿವೃತ್ತರಾದಾಗ ಇಲಾಖೆಯ ಮುಖ್ಯಸ್ಥರಾದವರು ಇದೇ ಸಹಾಯಕರು.

ಇನ್ನೊಂದು ಕಥೆ ಮೈಸೂರಿನ ಓರಿಯಂಟಲ್ ಲೈಬ್ರರಿಯದು. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಬಂದು ಒಂದು ತಾಳೆಗರಿ ಕಟ್ಟು ಕೊಟ್ಟು ಹೋದರು. ಅಲ್ಲಿ ಲೈಬ್ರೇರಿಯನ್ ಆಗಿದ್ದವರು ಆರ್. ಶಾಮಶಾಸ್ತ್ರಿ. ಬಿಚ್ಚಿ ಓದಿದರೆ ಅದು ಕಳೆದೇ ಹೋಯಿತು ಎಂದುಕೊಂಡಿದ್ದ ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು, ಲೋಕವೇ ಮೈಸೂರಿನ ಕಡೆ ನೋಡಿತು. ತಂದುಕೊಟ್ಟವರು ಹೊರಗಿನವರು. ಗುರುತು ಹಿಡಿದವರು ಅಲ್ಲೇ ಕೆಲಸದಲ್ಲಿದ್ದವರು. ಆ ಕುರ್ಚಿ ಖಾಲಿ ಇದ್ದಿದ್ದರೆ ಕಟ್ಟು ಹಾಗೇ ಕಪಾಟು ಸೇರುತ್ತಿತ್ತು.

ವಿಶ್ವವಿದ್ಯಾಲಯದ ಮನೆ

1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾಯಿತು. ಊರಿನವರನ್ನೂ ನೇಮಿಸಿತು, ಹೊರಗಿನವರನ್ನೂ ಕರೆಯಿತು. ಮುಂದೆ ರಾಷ್ಟ್ರಪತಿಯಾದ ರಾಧಾಕೃಷ್ಣನ್ 1918ರಲ್ಲಿ ಇಲ್ಲಿಗೆ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. 1921ರಲ್ಲಿ ಬಂಗಾಳದ ಬ್ರಜೇಂದ್ರನಾಥ ಸೀಲ್ ಕುಲಪತಿಯಾದರು.

1920ರ ದಶಕದಲ್ಲಿ ಪುರಾತತ್ವ ಇಲಾಖೆಯೂ ವಿಶ್ವವಿದ್ಯಾಲಯದ ಕೆಳಗೆ ಬಂತು. ಎಂ.ಎಚ್. ಕೃಷ್ಣ ಅವರು ಇತಿಹಾಸದ ಪಾಠವನ್ನೂ ಹೇಳಿದರು, ಇಲಾಖೆಯನ್ನೂ ನಡೆಸಿದರು. ಹಲ್ಮಿಡಿ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಅವರೇ.

ಪಾವಗಡದಿಂದ ಉತ್ತರಕ್ಕೆ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಕಥೆ ನೋಡಿ. ಅಲ್ಲಿನ ಅಶೋಕನ ಶಾಸನವನ್ನು 1892ರಲ್ಲಿ ರೈಸ್ ಕಂಡುಹಿಡಿದರು. 1940ರ ಸುಮಾರಿಗೆ ಕೃಷ್ಣ ಅಲ್ಲಿ ಅಗೆತ ಮಾಡಿದರು. 1947ರಲ್ಲಿ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥ ಮಾರ್ಟಿಮರ್ ವೀಲರ್ ಬಂದು ಅದೇ ಜಾಗದಲ್ಲಿ ಅಗೆದರು. ದಕ್ಷಿಣ ಭಾರತದ ಪ್ರಾಚೀನ ಕಾಲದ ಲೆಕ್ಕಕ್ಕೆ ಆ ಅಗೆತ ಒಂದು ಆಧಾರವಾಯಿತು. ವೀಲರ್ ದೊಡ್ಡ ವಿದ್ವಾಂಸರು, ಅನುಮಾನವಿಲ್ಲ. ಆದರೆ ಅವರು ಬರುವ ಹೊತ್ತಿಗೆ ಇಲ್ಲಿನವರು ಐವತ್ತು ವರ್ಷದ ಕೆಲಸ ಮಾಡಿಟ್ಟಿದ್ದರು.

ನಮ್ಮ ಜಿಲ್ಲೆಗೂ ಇಂಥದೇ ಲಾಭವಾಯಿತು. 1952ರಲ್ಲಿ ಕೆ.ಎ. ನೀಲಕಂಠ ಶಾಸ್ತ್ರಿ ಮದ್ರಾಸಿನ ಕಡೆಯಿಂದ ಮೈಸೂರು ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದರು. ಚೋಳರ ಇತಿಹಾಸ ಬರೆದು ಹೆಸರಾಗಿದ್ದವರು. ಪುರಾತತ್ವ ಇಲಾಖೆಯ ಹೊಣೆಯನ್ನೂ ಹೊತ್ತರು. ರೈಸ್ ಕಾಲದಲ್ಲಿ ಬಿಟ್ಟುಹೋಗಿದ್ದ ತುಮಕೂರು ಜಿಲ್ಲೆಯ ಶಾಸನಗಳನ್ನು ಸೇರಿಸಿದ 16ನೆಯ ಸಂಪುಟ 1958ರಲ್ಲಿ ಹೊರಬಂತು. ಮೊದಲ ಪುಸ್ತಕಕ್ಕೂ ಇದಕ್ಕೂ ನಡುವೆ 54 ವರ್ಷ. ಅಷ್ಟು ಕಾಲ ಇಲಾಖೆ ಬಾಗಿಲು ಮುಚ್ಚದೆ, ಒಬ್ಬರ ನಂತರ ಒಬ್ಬರು ಕೆಲಸದಲ್ಲಿ ಇದ್ದದ್ದರಿಂದ ಅದು ಆಯಿತು.

ಹೊರಗಿನ ವಿದ್ವಾಂಸರಿಂದ ನಮಗೆ ಲಾಭ ಆಗಬೇಕಾದರೆ ಮನೆಯಲ್ಲಿ ಮನೆಯವರು ಇರಬೇಕು ಎಂದು ನಮಗೆ ಇದರಿಂದ ಅನ್ನಿಸುತ್ತದೆ. ಬೀಗ ಹಾಕಿದ ಮನೆಗೆ ನೆಂಟರು ಬಂದರೆ ಜಗಲಿ ಮೇಲೆ ಕೂತು ಎದ್ದು ಹೋಗುತ್ತಾರೆ, ಅಷ್ಟೆ.

ಈಗಿನ 'ಅತಿಥಿ'

ಇವತ್ತು ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಅತಿಥಿ ಅಂದರೆ ದೂರದಿಂದ ಬಂದ ವಿದ್ವಾಂಸರಲ್ಲ. ವರ್ಷ ವರ್ಷವೂ ಮತ್ತೆ ಅರ್ಜಿ ಹಾಕಿ, ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂದು ಕಾಯುವ ಅತಿಥಿ ಉಪನ್ಯಾಸಕರು. ಸಂಶೋಧನಾ ಸಹಾಯಕರ ಪಾಡೂ ಅಷ್ಟೇ: ಯೋಜನೆ ಮುಗಿದರೆ ಕೆಲಸವೂ ಮುಗಿಯಿತು. ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಖಾಲಿ ಹುದ್ದೆಗಳ ಸುದ್ದಿ ಪ್ರತಿ ವರ್ಷ ಪತ್ರಿಕೆಯಲ್ಲಿ ಬರುತ್ತದೆ. ನಾವು ಅದನ್ನು ಪಟ್ಟಣದವರ ಸಮಸ್ಯೆ ಅಂದುಕೊಂಡು ಮುಂದಿನ ಪುಟಕ್ಕೆ ಹೋಗುತ್ತೇವೆ.

ಅದು ನಮ್ಮ ಸಮಸ್ಯೆಯೇ. ಹಳೆಯ ಲಿಪಿ ಆರು ತಿಂಗಳಲ್ಲಿ ಕಲಿತು ಮುಗಿಸುವ ವಿದ್ಯೆಯಲ್ಲ. ಕಲಿತವರನ್ನು ಹತ್ತು ಇಪ್ಪತ್ತು ವರ್ಷ ಒಂದೇ ಕೆಲಸದಲ್ಲಿ ಉಳಿಸಿಕೊಂಡರೆ ಮಾತ್ರ ನಿಡುಗಲ್ಲಿನ ಬೆಟ್ಟದ ಮೇಲಿನದ್ದೂ, ನಿಮ್ಮ ಕೆರೆ ತೂಬಿನ ಹತ್ತಿರದ್ದೂ ಯಾರಾದರೂ ಓದಿಯಾರು. 2004ರಿಂದ ತುಮಕೂರಿನಲ್ಲೇ ನಮ್ಮದೇ ವಿಶ್ವವಿದ್ಯಾಲಯ ಇದೆ. ನಮ್ಮ ನಾಲ್ಕು ತಾಲ್ಲೂಕಿನ ಹುಡುಗ ಹುಡುಗಿಯರು ಇತಿಹಾಸ, ಕನ್ನಡದಲ್ಲಿ ಎಂ.ಎ. ಮಾಡುತ್ತಿದ್ದಾರೆ. ಊರಿನ ದಾರಿ, ಜನ, ಮಾತು ಎಲ್ಲಾ ಬಲ್ಲ ಅವರಿಗಿಂತ ಒಳ್ಳೆಯ ಸಂಶೋಧನಾ ಸಿಬ್ಬಂದಿ ಎಲ್ಲಿ ಸಿಗುತ್ತಾರೆ? ಶಾಸಕರು ಊರಿಗೆ ಬಂದಾಗ ರಸ್ತೆ, ಚರಂಡಿ ಕೇಳುವ ಹಾಗೆ ಇದನ್ನೂ ಕೇಳಬೇಕು.

ನಮ್ಮ ಕೈಯಲ್ಲಿ ಆಗುವುದೂ ಇದೆ. ರೈಸ್ ಅವರ 12ನೆಯ ಸಂಪುಟ ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ, ನಿಮ್ಮ ಊರಿನ ಹೆಸರು ಇದೆಯೇ ಹುಡುಕಿ. ಇದ್ದರೆ ಆ ಕಲ್ಲು ಈಗಲೂ ಅಲ್ಲೇ ಇದೆಯೇ ಹೋಗಿ ನೋಡಿ. ಅಕ್ಷರದ ಮೇಲೆ ಬಣ್ಣ ಬಳಿಯಬೇಡಿ, ಉಳಿ ತಾಗಿಸಬೇಡಿ. ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆದರೆ ಅಕ್ಷರ ಚೆನ್ನಾಗಿ ಕಾಣುತ್ತದೆ. ಆ ಫೋಟೋವನ್ನು ಊರ ಶಾಲೆಯ ಮೇಷ್ಟ್ರಿಗೆ, ಪಂಚಾಯಿತಿಗೆ, ಕಾಲೇಜಿನ ಇತಿಹಾಸ ವಿಭಾಗಕ್ಕೆ ಕೊಡಿ. ಓದಲು ಯಾರಾದರೂ ಬಂದರೆ ನೀರು, ಮಜ್ಜಿಗೆ ಕೊಟ್ಟು ಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ. ಓದಿದ ಮೇಲೆ ಅದರಲ್ಲಿ ಏನಿದೆ ಅಂತ ಬರೆದ ಒಂದು ಪ್ರತಿಯನ್ನು ಊರಿಗೆ ಕೊಡಿ ಎಂದು ಕೇಳುವುದನ್ನು ಮರೆಯಬೇಡಿ.